ಹಲ್ಲಿನ ಬುಡದ ಮಾಯದ ಗಾಯ

"ಡಾಕ್ಟ್ರೇ, ನನಗೆ ಶುಗರ್ ಇದೆ. ಹಲ್ಲು ಕೀಳಿಸಿದ್ರೆ ಗಾಯ ಮಾಯಲ್ಲ ಅಂತಾರೆ, ನಿಜಾನಾ?" ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಕ್ಲಿನಿಕ್ಕಿನ ಬೆಂಚಿನ ಮೇಲೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರ ಬಾಯಲ್ಲಿ ಕೂಡ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಉತ್ತರ ಚಿಕ್ಕದು. ಶುಗರ್ ಒಂದು ಮಟ್ಟಕ್ಕೆ ಹತೋಟಿಯಲ್ಲಿದ್ದರೆ ಧೈರ್ಯವಾಗಿ ಕೀಳಿಸಬಹುದು, ಗಾಯವೂ ಮಾಯುತ್ತದೆ. ಆದರೆ ಇದನ್ನು ಕೇಳಿದವರ ಬಾಯಿ ತೆರೆಸಿ ನೋಡಿದಾಗೆಲ್ಲ ನನಗೊಂದು ಸಂಕಟ. ಕೀಳಿಸಿದ ಮೇಲೆ ಆಗಬಹುದಾದ ಗಾಯಕ್ಕೆ ಅಷ್ಟು ಹೆದರುವ ಇವರ ಬಾಯಲ್ಲಿ ಐದಾರು ವರ್ಷಗಳಿಂದ ಮಾಯದೆ ಉಳಿದ ಗಾಯವೊಂದು ಆಗಲೇ ಇರುತ್ತದೆ. ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ. ಅದು ನೋಯುವುದಿಲ್ಲ, ಕನ್ನಡಿಗೆ ಕಾಣುವುದಿಲ್ಲ. ಹಾಗಾಗಿ ಅದರ ಬಗ್ಗೆ ಯಾರೂ ಕೇಳುವುದೂ ಇಲ್ಲ.

ಎರಡು ವರ್ಷದ ಹಿಂದಿನ ಒಂದು ಬೆಳಗ್ಗೆ ನೆನಪಾಗುತ್ತದೆ. ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವ ಹೆಂಗಸು, ಐವತ್ತು ದಾಟಿದ ವಯಸ್ಸು, ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕೆಳಗಡೆಯ ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ, ತೆಗೆಸಬೇಕು ಎಂದು ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರು, ಅದರೊಳಗೆ ತಾರೀಖಿನ ಪ್ರಕಾರ ಜೋಡಿಸಿಟ್ಟ ರಿಪೋರ್ಟುಗಳು. ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.1 ಇತ್ತು. "ಅಕ್ಕಾ, ಇಷ್ಟು ಜಾಸ್ತಿ ಯಾಕಿದೆ?" ಅಂದೆ. ಅವರ ಕಣ್ಣು ತುಂಬಿತು. "ಎಲ್ರೂ ಇದನ್ನೇ ಕೇಳ್ತಾರೆ ಡಾಕ್ಟ್ರೇ. ಕಾಫಿಗೆ ಸಕ್ಕರೆ ಬಿಟ್ಟು ಒಂಬತ್ತು ವರ್ಷ ಆಯ್ತು. ದಿನಾ ನಡೀತೀನಿ, ಮಾತ್ರೆ ಒಂದಿನಾನೂ ತಪ್ಸಿಲ್ಲ. ಆದ್ರೂ ನಾನು ಕದ್ದು ತಿಂತೀನಿ ಅಂತ ಮನೇಲೂ ಅಂದ್ಕೊಂಡಿದಾರೆ." ಅವರ ಕಾಲಿನ ಕಡೆ ನೋಡಿದೆ. ಶುಗರ್ ಇದ್ದವರು ಹಾಕುವ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ, ಎಣ್ಣೆ ಹಚ್ಚಿದ ಹಿಮ್ಮಡಿ, ಒಂದು ಬಿರುಕಿಲ್ಲ. ಕಾಲನ್ನು ಹೀಗೆ ಕಾಪಾಡಿಕೊಂಡವರು ಉದಾಸೀನದ ಮನುಷ್ಯರಲ್ಲ.

ವಸಡನ್ನು ಅಳೆಯಲು ನಮ್ಮಲ್ಲಿ ಒಂದು ತೆಳ್ಳನೆಯ ಉಕ್ಕಿನ ಕಡ್ಡಿ ಇದೆ. ತುದಿ ಮೊಂಡು, ಮೈಮೇಲೆ ಮಿಲಿಮೀಟರ್ ಗೆರೆಗಳು. ಅದನ್ನು ಹಲ್ಲಿನ ಮೈಗೆ ಒರಗಿಸಿ ವಸಡಿನ ಅಂಚಿನ ಕೆಳಗೆ ಮೆಲ್ಲಗೆ ಇಳಿಸುತ್ತೇವೆ. ಆರೋಗ್ಯವಾದ ವಸಡಾದರೆ ಒಂದರಿಂದ ಮೂರು ಮಿಲಿಮೀಟರಿಗೆ ಕಡ್ಡಿ ನಿಲ್ಲುತ್ತದೆ. ಒಂದೊಂದು ಹಲ್ಲಿಗೆ ಆರು ಕಡೆ ಅಳತೆ. ನಾನು ಕೂಗುತ್ತಾ ಹೋದಂತೆ ನಮ್ಮ ಹುಡುಗಿ ಬರೆದುಕೊಳ್ಳುತ್ತಾಳೆ. ಅವತ್ತು "ಮೂರು, ಐದು, ಆರು, ನಾಲ್ಕು, ಆರು, ಏಳು" ಎಂದು ನಾನು ಹೇಳುತ್ತಿದ್ದರೆ, ಅವರು ಬಾಯಿ ತೆರೆದುಕೊಂಡೇ ಬೆರಳು ಮಡಿಸಿ ಎಣಿಸುತ್ತಿದ್ದುದು ಕಂಡಿತು. ಕಡ್ಡಿ ಎತ್ತಿದ ಕಡೆಯಲ್ಲೆಲ್ಲ ಎರಡು ಮೂರು ಸೆಕೆಂಡಿಗೆ ಒಂದು ಕೆಂಪು ಚುಕ್ಕೆ ಮೂಡಿ ಹಲ್ಲಿನ ಸಂದಿಗೆ ಹರಿಯಿತು. ಕೆಲವು ಕಡೆ ಕೀವು. ಉಗುಳಿದ ನೀರು ಕೆಂಪಾಗಿದ್ದನ್ನು ನೋಡಿ ಅವರಿಗೆ ಗಾಬರಿ. "ಉಜ್ಜುವಾಗ ಸ್ವಲ್ಪ ರಕ್ತ ಬರೋದು ಮಾಮೂಲಿ ಅಂದ್ಕೊಂಡಿದ್ದೆ" ಅಂದರು. ಎಷ್ಟು ವರ್ಷದಿಂದ ಅಂತ ಕೇಳಿದರೆ ನೆನಪಿಲ್ಲ.

ಬಾಯಿತುಂಬ ಹೀಗೆ ವಸಡು ಕೆಟ್ಟವರಲ್ಲಿ, ಈ ಸಂದಿಗಳ ಒಳಗೋಡೆಯ ಹುಣ್ಣಾದ ಚರ್ಮವನ್ನೆಲ್ಲ ಒಟ್ಟುಗೂಡಿಸಿ ಹರಡಿದರೆ ಸುಮಾರು 8ರಿಂದ 20 ಚದರ ಸೆಂಟಿಮೀಟರ್ ಆದೀತೆಂದು ಲೆಕ್ಕ ಹಾಕಿದ್ದಾರೆ. ಅಂದರೆ, ಹೆಚ್ಚೆಂದರೆ ಒಂದು ಬೆಂಕಿಪೊಟ್ಟಣದ ಮುಖದಷ್ಟು ಅಗಲ. ಅಷ್ಟು ಅಗಲದ ಕೀವಿನ ಗಾಯ ಅದೇ ಅಕ್ಕನ ಪಾದದಲ್ಲಿ ಆಗಿದ್ದರೆ ಮಾರನೇ ದಿನವೇ ಮನೆಯವರು ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಿದ್ದರು.

ಈ ಗಾಯಕ್ಕೂ ಸಕ್ಕರೆಗೂ ನಂಟು ಕಟ್ಟಿ ಹೇಳಿದವರಲ್ಲಿ ನನಗೆ ತುಂಬ ಮುಖ್ಯರಾಗಿ ಕಾಣುವವರು ನಾರ್ವೆಯ ದಂತವೈದ್ಯ ಹರಾಲ್ಡ್ ಲೋ. ಅವರ ಹೆಸರು ನಮ್ಮ ವೃತ್ತಿಯ ಹೊರಗೆ ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕಿತ್ತು. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಅವರು ಮತ್ತು ಸಂಗಡಿಗರು ಹನ್ನೆರಡು ಜನ ಆರೋಗ್ಯವಂತರಿಗೆ, ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳು, ಹಲ್ಲುಜ್ಜುವುದನ್ನು ನಿಲ್ಲಿಸಿ ಎಂದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಎಲ್ಲರದ್ದೂ ಸರಿಹೋಯಿತು. ವಸಡಿನ ರೋಗಕ್ಕೆ ಹಲ್ಲಿನ ಮೇಲೆ ಕೂರುವ ಪಾಚಿಯೇ ಮೂಲ ಎಂದು ಖಚಿತವಾದದ್ದು ಹೀಗೆ. ಆಮೇಲೆ ಅವರು ಶ್ರೀಲಂಕಾದ ಚಹಾ ತೋಟಗಳಿಗೆ ಹೋದರು. ಬ್ರಶ್ಶಾಗಲಿ ದಂತವೈದ್ಯರಾಗಲಿ ಸೋಕದ 480 ತಮಿಳು ಕಾರ್ಮಿಕರ ಬಾಯನ್ನು 1970ರಿಂದ ಹದಿನೈದು ವರ್ಷ ಹಿಂಬಾಲಿಸಿ ನೋಡಿದರು. ಎಲ್ಲರ ಹಲ್ಲಿನ ಮೇಲೂ ಪಾಚಿ, ಗಾರೆ. ಆದರೂ ನೂರಕ್ಕೆ ಎಂಟು ಜನರಲ್ಲಿ ರೋಗ ದಾಪುಗಾಲು ಹಾಕಿತು, ಎಂಬತ್ತೊಂದು ಜನರಲ್ಲಿ ಮಧ್ಯಮ ವೇಗದಲ್ಲಿ ಸಾಗಿತು, ಹನ್ನೊಂದು ಜನರಲ್ಲಿ ವಸಡಿನ ಊತದಾಚೆಗೆ ಹೋಗಲೇ ಇಲ್ಲ. (ಆ ತೋಟದ ಜನರ ಬಾಯಿ ನೋಡಿ ನಮ್ಮ ವೃತ್ತಿ ಕಲಿತದ್ದು ಬಹಳ. ಅವರಿಗೆ ತಿರುಗಿ ಕೊಟ್ಟದ್ದು ಕಡಿಮೆ. ತರಗತಿಯಲ್ಲಿ ಈ ಪಾಠ ಮಾಡುವಾಗ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.)

ಕೊಳೆ ಒಂದೇ, ಕೆಡುಕು ಬೇರೆ ಬೇರೆ. ಹಾಗಾದರೆ ಕೊಳೆಗೆ ಮೈ ಹೇಗೆ ಸ್ಪಂದಿಸುತ್ತದೆ ಎನ್ನುವುದೇ ನಿರ್ಣಾಯಕ. ಮೈಯ ಆ ಗುಣವನ್ನೇ ಕೆಡಿಸುವ ಕಾಯಿಲೆ ಸಕ್ಕರೆಯದು. ಅಮೆರಿಕದ ಅರಿಜೋನಾದಲ್ಲಿ ಹಿಲಾ ನದಿಯ ಬಳಿ ಪೀಮಾ ಎಂಬ ಮೂಲನಿವಾಸಿಗಳಿದ್ದಾರೆ, ಮಧುಮೇಹ ಅತಿ ಹೆಚ್ಚಾಗಿರುವ ಸಮುದಾಯ. ಅವರಲ್ಲಿ ದಶಕಗಟ್ಟಲೆ ನಡೆದ ಅಧ್ಯಯನಗಳು, ಮಧುಮೇಹ ಇದ್ದವರಿಗೆ ವಸಡಿನ ರೋಗ ಹತ್ತುವ ಸಾಧ್ಯತೆ ಸುಮಾರು ಮೂರು ಪಟ್ಟು ಎಂದು ತೋರಿಸಿದವು. ಕಣ್ಣು, ಮೂತ್ರಪಿಂಡ, ನರ, ದೊಡ್ಡ ರಕ್ತನಾಳಗಳು, ಮಾಯದ ಗಾಯಗಳು: ಮಧುಮೇಹದಿಂದಾಗುವ ತೊಂದರೆಗಳೆಂದು ವೈದ್ಯರು ಐದನ್ನು ಎಣಿಸುತ್ತಿದ್ದರು. 1993ರಲ್ಲಿ ಲೋ ಬರೆದ ಲೇಖನದ ತಲೆಬರಹವೇ ವಸಡಿನ ರೋಗವನ್ನು ಆರನೆಯದು ಎಂದು ಕರೆಯಿತು. ಮೂವತ್ತು ವರ್ಷ ದಾಟಿತು. ನಮ್ಮ ಎಷ್ಟೋ ಶುಗರ್ ಕ್ಲಿನಿಕ್ಕುಗಳ ಗೋಡೆಯ ಪಟಗಳಲ್ಲಿ ಇನ್ನೂ ಐದೇ ಇವೆ.

ಸಕ್ಕರೆ ವಸಡನ್ನು ಕೆಡಿಸುವುದು ಹೇಗೆ? ಎಚ್‌ಬಿಎ1ಸಿ ಅಂದರೆ ರಕ್ತದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬ ಅಳತೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೇ ಆ ಲೆಕ್ಕ ಎರಡು ಮೂರು ತಿಂಗಳದ್ದು. ಇದೇ ಅಂಟು ಮೈಯ ಬೇರೆ ಪ್ರೋಟೀನುಗಳಿಗೂ ಮೆತ್ತಿಕೊಳ್ಳುತ್ತದೆ. ವಸಡನ್ನು ಹಲ್ಲಿಗೂ ಹಲ್ಲನ್ನು ಮೂಳೆಗೂ ಬಿಗಿದು ಹಿಡಿದಿರುವ ನಾರುಗಳಿಗೂ ಮೆತ್ತುತ್ತದೆ. ಅವು ಬಿರುಸಾಗುತ್ತವೆ, ಹಳೆಯದು ಹೋಗಿ ಹೊಸದು ಬರುವ ಕೆಲಸ ನಿಧಾನವಾಗುತ್ತದೆ. ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗುತ್ತದೆ. ರೋಗಾಣುಗಳ ಮೇಲೆ ಮೊದಲು ಬೀಳಬೇಕಾದ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಅದರ ಮೇಲೆ ಜೊಲ್ಲು ಕಡಿಮೆಯಾಗಿ ಬಾಯಿ ಒಣಗಿದರೆ, ಹಲ್ಲನ್ನು ಸದಾ ತೊಳೆಯುತ್ತಿದ್ದ ನೀರೂ ನಿಂತಂತೆ. ಹಾಗೆಂದು ಶುಗರ್ ಇದ್ದವರೆಲ್ಲರ ಹಲ್ಲೂ ಬಿದ್ದೇ ಹೋಗುತ್ತವೆ ಎಂದಲ್ಲ. ಹತೋಟಿಯಲ್ಲಿಟ್ಟುಕೊಂಡವರ ವಸಡು ಬೇರೆಯವರದಷ್ಟೇ ಗಟ್ಟಿಯಾಗಿರುವುದನ್ನು ದಿನವೂ ನೋಡುತ್ತೇನೆ. ನಾವು ದಂತವೈದ್ಯರು ಈಗ ವಸಡಿನ ರೋಗದ ದರ್ಜೆ ನಿರ್ಧರಿಸುವಾಗ ಎಚ್‌ಬಿಎ1ಸಿ 7ಕ್ಕಿಂತ ಕಡಿಮೆಯೋ, ಅದಕ್ಕೆ ಮೇಲೋ ಎಂದು ನೋಡಿಯೇ ಮುಂದೆ ಹೋಗುವುದು.

ಜನಕ್ಕೆ ನಂಬಲು ಕಷ್ಟವಾಗುವುದು ಇದರ ಇನ್ನೊಂದು ಮಗ್ಗುಲು: ಕೆಟ್ಟ ವಸಡು ತಾನೇ ಶುಗರ್ ಏರಿಸುತ್ತದೆ ಎನ್ನುವುದು. ಸಕ್ಕರೆ ಕಾಯಿಲೆ ಇದ್ದವರಿಗೆ ನಾನು ಒಂದನ್ನು ಕೇಳುತ್ತೇನೆ. ಜ್ವರ ಬಂದಾಗ, ಕಾಲಿಗೆ ಕುರು ಎದ್ದಾಗ ನಿಮ್ಮ ಶುಗರ್ ಏನಾಗುತ್ತದೆ? ಏರುತ್ತದೆ, ಎಲ್ಲರಿಗೂ ಗೊತ್ತು. ಊಟ ಬಿಟ್ಟು ಮಲಗಿದ್ದರೂ ಏರುತ್ತದೆ. ಸೋಂಕಿನ ಜೊತೆ ಹೋರಾಡುವಾಗ ಮೈ ಕೆಲವು ರಾಸಾಯನಿಕ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಇನ್ಸುಲಿನ್ ಮಾತನ್ನು ಸ್ನಾಯುಗಳು ಕೇಳದಂತೆ ಮಾಡುತ್ತವೆ, ಯಕೃತ್ತು ಸಕ್ಕರೆ ಸುರಿಯುವುದಕ್ಕೆ ತಡೆ ಇಲ್ಲದಂತಾಗುತ್ತದೆ. ವಸಡಿನ ಗಾಯದಲ್ಲಿ ನಡೆಯುವುದೂ ಇದೇ. ಅಗಿದಾಗ, ಉಜ್ಜಿದಾಗ ಅಲ್ಲಿನ ರೋಗಾಣುಗಳು ರಕ್ತಕ್ಕೆ ನುಸುಳುತ್ತವೆ. ಮೈ ಹಗಲೂ ರಾತ್ರಿ ಸಣ್ಣಗೆ ಉರಿಯುತ್ತಲೇ ಇರುತ್ತದೆ. ಥರ್ಮಾಮೀಟರಿಗೆ ಸಿಗದ, ವರ್ಷಗಟ್ಟಲೆ ಬಿಡದ ಜ್ವರ ಇದ್ದಂತೆ. ಪೀಮಾ ಜನರಲ್ಲೇ 1996ರಲ್ಲಿ ಇದಕ್ಕೆ ಒಂದು ಸಾಕ್ಷ್ಯ ಸಿಕ್ಕಿತು: ಮೊದಲಿಗೇ ವಸಡು ತೀರಾ ಕೆಟ್ಟಿದ್ದ ಮಧುಮೇಹಿಗಳಲ್ಲಿ, ಮುಂದಿನ ವರ್ಷಗಳಲ್ಲಿ ಶುಗರ್ ಕೈತಪ್ಪಿ ಹೋಗುವುದು ಹೆಚ್ಚಿತ್ತು.

ವಸಡಿಗೆ ಚಿಕಿತ್ಸೆ ಕೊಟ್ಟರೆ ಶುಗರ್ ಇಳಿಯುತ್ತದೆಯೇ? ಇಲ್ಲಿ ನಾನು ಅಳೆದು ತೂಗಿ ಮಾತಾಡಬೇಕು. ಯಾಕೆಂದರೆ "ಹಲ್ಲು ಕ್ಲೀನ್ ಮಾಡಿಸಿ, ಶುಗರ್ ಮಾತ್ರೆ ಬಿಡಿ" ಎಂಬ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿವೆ, ಅದನ್ನು ನಂಬಿ ಮಾತ್ರೆ ಬಿಟ್ಟವರನ್ನೂ ಕಂಡಿದ್ದೇನೆ. ಮಾತ್ರೆ ಬಿಡಬೇಡಿ. 2022ರಲ್ಲಿ ಕಾಕ್ರೇನ್ ಸಂಸ್ಥೆ ಅದುವರೆಗಿನ 35 ಅಧ್ಯಯನಗಳನ್ನು, 3,249 ಜನರ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹಲ್ಲಿನ ಬುಡದವರೆಗೆ ಸ್ವಚ್ಛ ಮಾಡಿಸಿಕೊಂಡವರಲ್ಲಿ ಮೂರು ನಾಲ್ಕು ತಿಂಗಳ ಹೊತ್ತಿಗೆ ಎಚ್‌ಬಿಎ1ಸಿ ಸರಾಸರಿ 0.43ರಷ್ಟು ಕಡಿಮೆಯಿತ್ತು, ಒಂದು ವರ್ಷಕ್ಕೆ 0.50ರಷ್ಟು. ಅಂದರೆ 8.4 ಇದ್ದದ್ದು 8ರ ಆಸುಪಾಸಿಗೆ ಬಂದಂತೆ. ಪವಾಡ ಅಲ್ಲ. ಆದರೆ ಈಗಾಗಲೇ ಒಂದು ಮಾತ್ರೆ ನುಂಗುತ್ತಿರುವವರಿಗೆ ಇನ್ನೊಂದನ್ನು ಸೇರಿಸಲೋ ಬೇಡವೋ ಎಂದು ವೈದ್ಯರು ಯೋಚಿಸುವಾಗ ಅರ್ಧ ಅಂಕವೂ ಲೆಕ್ಕಕ್ಕೆ ಬರುತ್ತದೆ.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ 514 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಶುಗರ್ ಒಂದಿಷ್ಟೂ ಇಳಿಯಲಿಲ್ಲ. ನಮ್ಮವರಲ್ಲಿ ಹಲವರು ಅದಕ್ಕೆ ತಕರಾರು ತೆಗೆದರು. ಚಿಕಿತ್ಸೆಯಾದ ಮೇಲೂ ಅವರ ಹಲ್ಲುಗಳ ಮೇಲೆ ಬಹಳಷ್ಟು ಪಾಚಿ ಉಳಿದೇ ಇತ್ತಲ್ಲ, ಗಾಯವೇ ವಾಸಿಯಾಗದಿದ್ದರೆ ಶುಗರ್ ಯಾಕೆ ಇಳಿಯಬೇಕು ಎಂದು. ಲಂಡನ್ನಿನಲ್ಲಿ 264 ಜನರ ಬೆನ್ನು ವರ್ಷವಿಡೀ ಹತ್ತಿ, ಬೇಕಾದವರಿಗೆ ವಸಡಿನ ಶಸ್ತ್ರಚಿಕಿತ್ಸೆಯನ್ನೂ ಮಾಡಿ 2018ರಲ್ಲಿ ವರದಿ ಮಾಡಿದರು. ಅಲ್ಲಿ ಮೇಲುಮೇಲೆ ಸ್ವಚ್ಛ ಮಾಡಿಸಿಕೊಂಡವರಿಗಿಂತ ಆಳದ ಚಿಕಿತ್ಸೆ ಪಡೆದವರ ಎಚ್‌ಬಿಎ1ಸಿ 0.6ರಷ್ಟು ಕಡಿಮೆಯಿತ್ತು. ನನಗೆ ಈ ವಾದ ಸರಿ ಎನಿಸುತ್ತದೆ. ಹತ್ತು ನಿಮಿಷದಲ್ಲಿ ಹಲ್ಲಿನ ಹೊರಮೈ ಹೊಳೆಯುವಂತೆ ಮಾಡಿ ಕಳಿಸುವ ಶಿಬಿರದ ಕ್ಲೀನಿಂಗ್‌ನಿಂದ ಆರು ಮಿಲಿಮೀಟರ್ ಆಳದ ಕೀವು ಹೋಗುವುದಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬೇರಿನ ಮೇಲೆ ಕಲ್ಲಿನಂತೆ ಕಚ್ಚಿಕೊಂಡ ಗಾರೆಯನ್ನು ಒಂದೊಂದೇ ಹಲ್ಲಿನಿಂದ ಬಿಡಿಸಬೇಕು. ಎರಡು ಮೂರು ಸಲ ಬರಬೇಕಾಗುತ್ತದೆ.

ನನ್ನ ದೂರು ಏನೆಂದರೆ, ಈ ಎರಡು ಕಾಯಿಲೆಗಳಿಗೆ ನಾವು ಎರಡು ಬಾಗಿಲು ಇಟ್ಟಿದ್ದೇವೆ, ನಡುವೆ ಕಿಟಕಿಯೂ ಇಲ್ಲ. ಐ.ಸಿ.ಎಂ.ಆರ್. ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಅವರ ಕಣ್ಣಿನ ಪರದೆ ನೋಡುತ್ತಾರೆ, ಮೂತ್ರದಲ್ಲಿ ಪ್ರೋಟೀನ್ ನೋಡುತ್ತಾರೆ, ಪಾದಕ್ಕೆ ನೂಲೆಳೆಯಂಥ ತಂತಿ ಮುಟ್ಟಿಸಿ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಕೇಳುತ್ತಾರೆ. ಇದೆಲ್ಲ ಬೇಕಾದ್ದೇ. "ಹಲ್ಲುಜ್ಜುವಾಗ ರಕ್ತ ಬರುತ್ತಾ? ಹಲ್ಲು ಅಲ್ಲಾಡ್ತಿದೆಯಾ?" ಎಂದು ಕೇಳಲು ಅರ್ಧ ನಿಮಿಷ ಸಾಕು. ಯುರೋಪಿನ ವಸಡು ತಜ್ಞರ ಒಕ್ಕೂಟ ಮತ್ತು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2018ರಲ್ಲಿ ಜೊತೆಯಾಗಿ ಹೇಳಿದ್ದೂ ಇದನ್ನೇ: ಮಧುಮೇಹಿಯ ತಪಾಸಣೆಯಲ್ಲಿ ಬಾಯಿಯೂ ಸೇರಬೇಕು. ತಪ್ಪು ಒಂದೇ ಕಡೆ ಇಲ್ಲ. ನಲವತ್ತು ವಯಸ್ಸಿಗೆ ನಾಲ್ಕು ಹಲ್ಲು ಸಡಿಲವಾಗಿ ಬಂದವರಿಗೆ, ವಸಡಿನ ಬಾವು ಮತ್ತೆ ಮತ್ತೆ ಬರುವವರಿಗೆ ಬೆರಳು ಚುಚ್ಚಿ ಶುಗರ್ ನೋಡದೆ ಕಳಿಸುವ ದಂತವೈದ್ಯರಿದ್ದಾರೆ. ನಮ್ಮ ಕುರ್ಚಿಯಲ್ಲಿ ಕೂತಾಗಲೇ ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲ ಸಲ ತಿಳಿದುಕೊಂಡವರು ನನ್ನ ಲೆಕ್ಕದಲ್ಲೇ ಕಡಿಮೆ ಇಲ್ಲ.

ಹಲ್ಲು ಹೋದ ಮೇಲಿನ ಊಟದ ಕಥೆ ಬೇರೆಯೇ ಇದೆ. ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಿ ಎನ್ನುತ್ತೇವೆ? ಹಸಿ ಸೌತೆಕಾಯಿ, ಕೋಸಂಬರಿ, ಮೊಳಕೆ ಕಾಳು, ಸೊಪ್ಪು, ಒಂದು ಹಿಡಿ ಕಡಲೆಬೀಜ. ಎಲ್ಲವೂ ಅಗಿಯಬೇಕಾದವು. ದವಡೆ ಹಲ್ಲು ನಾಲ್ಕು ಹೋಗಲಿ, ತಟ್ಟೆಯಿಂದ ಇವು ಒಂದೊಂದಾಗಿ ಮಾಯವಾಗುತ್ತವೆ. ಮೆತ್ತಗಿನ ಅನ್ನ, ಇಡ್ಲಿ, ಹಾಲಿಗೆ ಅದ್ದಿದ ಬನ್ನು, ರಸ್ಕು ಉಳಿಯುತ್ತವೆ. ನಮ್ಮ ಕಡೆ ಮುದ್ದೆಯನ್ನು ನುಂಗುವುದಾದ್ದರಿಂದ ಅದೊಂದು ಹೇಗೋ ನಡೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಕಟಕ್ ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು, ಮೂಲಂಗಿ ಕಡಿದು ತಿನ್ನುತ್ತಿದ್ದ ಹಿರಿಯರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಹಿಂಡಿ ತಿನ್ನುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ನಮ್ಮ ರಾಜ್ಯದಲ್ಲಿ ದಂತಭಾಗ್ಯ ಯೋಜನೆ ಬಂತು, ಒಳ್ಳೆಯ ಯೋಜನೆ. ಅದಕ್ಕಿಂತ ಹತ್ತು ವರ್ಷ ಮೊದಲೇ ಅದೇ ಜನರ ವಸಡಿಗೆ ನಾಲ್ಕು ಕಾಸು ಖರ್ಚು ಮಾಡಿದರೆ ಅವರ ಸ್ವಂತ ಹಲ್ಲೇ ಉಳಿದೀತು ಎಂಬುದು ನನ್ನ ಆಸೆ.

ಪತ್ರ ಬರೆದವರೆಲ್ಲ ಕೊನೆಗೆ ಕೇಳುವುದು, ನಾವೇನು ಮಾಡಬೇಕು ಎಂದು. ರಾತ್ರಿ ಉಜ್ಜುವುದನ್ನು ತಪ್ಪಿಸಬೇಡಿ, ಬೆಳಗ್ಗೆ, ರಾತ್ರಿ ಎರಡರಲ್ಲಿ ಅದೇ ಮುಖ್ಯ. ಮೆತ್ತನೆಯ ಬ್ರಶ್ಶಿನ ಎಳೆಗಳನ್ನು ಓರೆಯಾಗಿ ವಸಡಿನ ಅಂಚಿಗೆ ತಾಗುವಂತೆ ಹಿಡಿದು ಮೆಲ್ಲಗೆ ಆಡಿಸಿ. ಹಲ್ಲುಪುಡಿಯ ಅಭ್ಯಾಸದವರು ಬೆರಳಿನಲ್ಲಿ ಎಷ್ಟೇ ತಿಕ್ಕಿದರೂ ಸಂದಿಗೆ ಅದು ತಲುಪುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿಯಂತೂ ಹಲ್ಲನ್ನೇ ಸವೆಸುತ್ತವೆ. ಹಲ್ಲುಗಳ ನಡುವೆ ಜಾಗ ಬಿಟ್ಟಿದ್ದರೆ ಸಂದಿ ತೊಳೆಯುವ ಪುಟ್ಟ ಬ್ರಶ್ಶು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಸೇಫ್ಟಿ ಪಿನ್ನು ಬೇಡ. ರಕ್ತ ಬರುತ್ತದೆಂದು ಆ ಜಾಗ ಬಿಟ್ಟು ಉಜ್ಜುವವರಿದ್ದಾರೆ. ರಕ್ತ ಬರುವ ಜಾಗಕ್ಕೇ ಹೆಚ್ಚು ಉಪಚಾರ ಬೇಕು. ಬೀಡಿ ಸಿಗರೇಟು ಸೇದುವವರು ಮಾತ್ರ ರಕ್ತ ಬಂದಿಲ್ಲವೆಂದು ಸಮಾಧಾನ ಮಾಡಿಕೊಳ್ಳಬೇಡಿ. ಹೊಗೆ ರಕ್ತಸ್ರಾವವನ್ನು ಮುಚ್ಚಿಡುತ್ತದೆ, ಒಳಗೆ ಮೂಳೆ ಕರಗುತ್ತಲೇ ಇರುತ್ತದೆ. ಬಿ.ಪಿ.ಗೆ ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ವಸಡು ಹಲ್ಲಿನ ಮೇಲೆ ಬೆಳೆದು ಬರುವುದುಂಟು. ಮಾತ್ರೆಯನ್ನು ನೀವೇ ನಿಲ್ಲಿಸದೆ ವೈದ್ಯರಿಗೆ ತೋರಿಸಿ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಊರೂರಲ್ಲೂ ಇದೆ. ಹಲ್ಲು ಸಡಿಲವಾದದ್ದು ಮೂಳೆ ಕರಗಿದಾಗಲೇ. ಗಾರೆ ಅದನ್ನು ಸಿಮೆಂಟಿನಂತೆ ಅಂಟಿಸಿಟ್ಟಿತ್ತು, ತೆಗೆದಾಗ ಗೊತ್ತಾಯಿತು, ಅಷ್ಟೇ. ಕೆಲವು ವಾರದಲ್ಲಿ ಊತ ಇಳಿದು ವಸಡು ಬಿಗಿಯಾದರೆ ಅಲ್ಲಾಟವೂ ಎಷ್ಟೋ ಕಡಿಮೆಯಾಗುತ್ತದೆ. ದಂತವೈದ್ಯರ ಹತ್ತಿರ ಹೋಗುವ ದಿನ ತಿಂಡಿ ತಿಂದು, ಎಂದಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಬೆಳಗ್ಗೆಯೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಕೂತು ಲೋ ಶುಗರ್ ಆಗಿ ಬೆವತವರನ್ನು ಕಂಡಿದ್ದೇನೆ. ಈಚಿನ ರಿಪೋರ್ಟು ಜೊತೆಗಿರಲಿ. ದುಡ್ಡಿನ ತೊಂದರೆ ಇದ್ದವರಿಗೆ ದಂತವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಸರ್ಕಾರಿ ಕಾಲೇಜಷ್ಟೇ ಅಲ್ಲ, ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರು, ಸುಳ್ಯದಲ್ಲೂ ಇವೆ. ಖರ್ಚು ಕಡಿಮೆ, ಸಮಯ ಹೆಚ್ಚು ಹಿಡಿಯುತ್ತದೆ. ವಸಡಿನ ಕೆಲಸಕ್ಕೆ ಸಮಯ ಹಿಡಿದರೆ ಒಳ್ಳೆಯದೇ.

ಬಿಸಿಯೂಟದ ಅಕ್ಕನಿಗೆ ಆ ಮುಂದಿನ ಹಲ್ಲು ಉಳಿಸಲಾಗಲಿಲ್ಲ. ಅವರ ವೈದ್ಯರೊಂದಿಗೆ ಮಾತಾಡಿ, ಶುಗರ್ ಸ್ವಲ್ಪ ಇಳಿದ ಮೇಲೆ ತೆಗೆದೆ. ಗಾಯ ತೊಂದರೆ ಕೊಡದೆ ಮಾಯಿತು. ಉಳಿದ ಹಲ್ಲುಗಳಿಗೆ ನಾಲ್ಕು ಸಲ ಕೂರಿಸಿ ಬುಡದವರೆಗೆ ಕೆಲಸ ಮಾಡಿದೆವು. ಮೂರು ತಿಂಗಳಿಗೆ ಎಚ್‌ಬಿಎ1ಸಿ 8.2 ಬಂತು. ಆ ನಡುವೆ ಅವರ ವೈದ್ಯರು ಒಂದು ಮಾತ್ರೆ ಬದಲಿಸಿದ್ದರಿಂದ, ಇಳಿದದ್ದರಲ್ಲಿ ವಸಡಿನ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಎಂದು ನಾನು ಹೇಳಲಾರೆ. ಆ ಕಾಗದವನ್ನು ಅವರು ಮನೆಯಲ್ಲಿ ಗಂಡನ ಮುಂದೆ ಹಿಡಿದರಂತೆ. ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ನಾನು ಕಡ್ಡಿ ಇಳಿಸಿ ಎಣಿಸುವಾಗ ಅವರೂ ಬೆರಳು ಮಡಿಸುತ್ತಾರೆ. ಹೆಚ್ಚಿನ ಕಡೆ ಎರಡು, ಮೂರು. ಕೆಳಗೆ ಎಡಗಡೆಯ ಕೊನೆಯ ದವಡೆ ಹಲ್ಲಿನ ಹಿಂದೆ ಇನ್ನೂ ಐದು ಇದೆ, ಮುಂದಿನ ಸಲ ಅದಕ್ಕೆ ಕೈ ಹಾಕಬೇಕು.